ಮೊಟ್ಟೆ ಒಣಗಿಸಿ ಇಡ್ಬೇಕಾದ ಮೀನು

ಗಪ್ಪಿ, ಮೋಲಿ ತರದ ಅಕ್ವೇರಿಯಂ ಮೀನು ಸಾಕಿ ರೂಢಿ ಇರೋರಿಗೆ ನೊಥೊಬ್ರಾಂಕಿಯಸ್ ಕುಲದ ಕಿಲ್ಲಿಫಿಶ್ ಅನ್ನೋ ಪುಟ್ಟ ಮೀನು ಮೊದಮೊದ್ಲು ತಲೆ ಕೆಡಿಸುತ್ತೆ, ಯಾಕಂದ್ರೆ ಇದರ ಮೊಟ್ಟೆನ ಟ್ಯಾಂಕಿಂದ ಆಚೆ ತೆಗ್ದು, ಕವರಲ್ಲಿ ಕಟ್ಟಿ, ತಿಂಗಳುಗಟ್ಲೆ ಕಪಾಟಲ್ಲಿ ಇಡ್ಬೇಕು. ನಮ್ಮ ಪಶ್ಚಿಮ ಘಟ್ಟದ ಹೊಳೆ, ಗದ್ದೆಗಳಲ್ಲಿ ಸಿಗೋ ಅಪ್ಲೊಕೈಲಸ್ ಲಿನಿಯೇಟಸ್ ಕೂಡ ಕಿಲ್ಲಿನೇ (ಅಂಗಡೀಲಿ ಗೋಲ್ಡನ್ ವಂಡರ್ ಅಂತ ಮಾರೋ ಹಳದಿ ಮೀನು ಇದರದ್ದೇ ತಳಿ), ಆದ್ರೆ ಅದರ ಮೊಟ್ಟೆ ನೀರಲ್ಲೇ ಸುಮಾರು ಎರಡು ವಾರಕ್ಕೆ ಮರಿಯಾಗುತ್ತೆ, ಏನೂ ತಾಪತ್ರಯ ಇಲ್ಲ.

ನೊಥೊಬ್ರಾಂಕಿಯಸ್ ಕಥೆ ಬೇರೆ. ಮೊಜಾಂಬಿಕ್, ಜಿಂಬಾಬ್ವೆ, ಜಾಂಜಿಬಾರ್ ಕಡೆ ಮಳೆಗೆ ತುಂಬಿ ಆಮೇಲೆ ಪೂರ್ತಿ ಒಣಗಿಹೋಗೋ ಹೊಂಡಗಳಲ್ಲಿ ಇವು ಇರೋದು. ನೀರು ಬತ್ತಿದ್ರೆ ದೊಡ್ಡ ಮೀನೆಲ್ಲ ಖಲಾಸ್, ಕೆಸರಲ್ಲಿ ಹೂತಿರೋ ಮೊಟ್ಟೆ ಮಾತ್ರ ಉಳ್ಕೊಳ್ಳುತ್ತೆ. ಅದಕ್ಕೇ ಬದುಕೆಲ್ಲ ಅವಸರದ್ದು. ಮೊಜಾಂಬಿಕ್‌ನ ಹೊಂಡಗಳಲ್ಲಿ ಫರ್ಜೆರಿ ಅನ್ನೋ ಜಾತಿ ಹುಟ್ಟಿ 14 ದಿನಕ್ಕೇ ಮೊಟ್ಟೆ ಇಡೋ ಹಂತಕ್ಕೆ ಬರುತ್ತೆ ಅಂತ 2018ರಲ್ಲಿ ಸಂಶೋಧಕರು ವರದಿ ಮಾಡಿದ್ರು. ಮುಪ್ಪೂ ಅಷ್ಟೇ ಬೇಗ, ಹಾಗಾಗಿ ವಯಸ್ಸಾಗೋದರ ಬಗ್ಗೆ ಸಂಶೋಧನೆ ಮಾಡೋ ಲ್ಯಾಬ್‌ಗಳಲ್ಲಿ ಇದಕ್ಕೆ ಭಾರಿ ಡಿಮ್ಯಾಂಡ್.

ಮನೇಲಿ ಶುರು ಮಾಡೋಕೆ ಜಾಂಜಿಬಾರ್‌ನ ಗುಂಥೆರಿ ಅನ್ನೋ ಜಾತಿ ಒಳ್ಳೇದು. ಒಂದು ಗಂಡಿಗೆ ಎರಡು ಹೆಣ್ಣು ಇಡಿ, ಇಲ್ಲಾಂದ್ರೆ ಇರೋ ಒಂದೇ ಹೆಣ್ಣಿಗೆ ಗಂಡು ಉಸಿರಾಡೋಕೂ ಬಿಡಲ್ಲ. ಟ್ಯಾಂಕಿನ ತಳದಲ್ಲಿ ಒಂದು ಡಬ್ಬಿಗೆ ಚೆನ್ನಾಗಿ ಕುದಿಸಿ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿಡಿ. ಗಂಡು ತನ್ನ ಬೆನ್ನಿನ ರೆಕ್ಕೆನ ಹೆಣ್ಣಿನ ಮೇಲೆ ಹೊದಿಸಿ ಪೀಟಿಗೆ ಒತ್ತಿ ಹಿಡಿಯುತ್ತೆ, ಇಬ್ರೂ ಒಂದ್ಸಲ ನಡುಗ್ತಾರೆ, ಒಂದು ಮೊಟ್ಟೆ ಒಳಗೆ ಹೋಯ್ತು. ವಾರಕ್ಕೋ ಎರಡು ವಾರಕ್ಕೋ ಪೀಟ್ ತೆಗೆದು ಬಲೆಯಲ್ಲಿ ಹಿಂಡಿ, ಮುಟ್ಟಿದ್ರೆ ಪಸೆ ಇರ್ಬೇಕು ನೀರು ತೊಟ್ಟಿಕ್ಕಬಾರ್ದು, ಜಿಪ್ ಕವರಿಗೆ ಹಾಕಿ ಮೇಲೆ ಡೇಟ್ ಬರೆದು 24 ಡಿಗ್ರಿ ಆಸುಪಾಸಲ್ಲಿ ಸುಮಾರು ಮೂರು ತಿಂಗಳು ಇಟ್ಬಿಡಿ.

ಆ ಕವರೊಳಗೆ ನಡೆಯೋದೇ ನಿಜವಾದ ಮಜಾ. ಭ್ರೂಣ ಬೆಳೀತಾ ಬೆಳೀತಾ ಮೂರು ಕಡೆ ಬ್ರೇಕ್ ಹಾಕಬಹುದು, ಇದನ್ನ ಡಯಾಪಾಸ್ ಅಂತಾರೆ: ಒಂದು, ಜೀವಕೋಶಗಳು ಇನ್ನೂ ಹಳದಿ ಭಾಗದ ಮೇಲೆ ಚೆದುರಿ ಬಿದ್ದಿರೋವಾಗ, ಇನ್ನೊಂದು, ಅರ್ಧ ಶರೀರ ಆದ್ಮೇಲೆ, ಕೊನೇದು, ಮರಿ ಪೂರ್ತಿ ರೆಡಿಯಾಗಿ ಮಳೆಗೆ ಕಾಯೋವಾಗ. ಆ ಕೊನೇ ಹಂತದಲ್ಲಿ ಲೆನ್ಸ್ ಹಿಡಿದು ನೋಡಿದ್ರೆ ಒಂದು ಮಿಲಿಮೀಟರ್ ಆಸುಪಾಸಿನ ಮೊಟ್ಟೆಯೊಳಗೆ ಕಪ್ಪು ಕಣ್ಣು, ಅದರ ಸುತ್ತ ಹೊಳೆಯೋ ಉಂಗುರ ಕಾಣುತ್ತೆ. ಆಗ ಪೀಟನ್ನ ಒಂದು ಪಾತ್ರೆಗೆ ಹಾಕಿ 18 ಡಿಗ್ರಿ ಸುಮಾರಿನ ತಣ್ಣೀರು ಸುರೀರಿ, ಕೆಲವೇ ಗಂಟೆಗಳಲ್ಲಿ ಮರಿ ಬರ್ತವೆ. ಬಂದ ತಕ್ಷಣ ಹಸಿವು ಅವಕ್ಕೆ, ಆದ್ರಿಂದ ಮರಿಗಳಿಗೆ ತಿನ್ನಿಸೋ ಬ್ರೈನ್ ಶ್ರಿಂಪ್ ಅನ್ನೋ ಸಿಗಡಿಯಂಥ ಪುಟ್ಟ ಜೀವಿಯ ಮೊಟ್ಟೆನ ಹಿಂದಿನ ದಿನವೇ ಉಪ್ಪುನೀರಿಗೆ ಹಾಕಿಟ್ಟಿರಿ.

ಎಲ್ಲಾ ಮೊಟ್ಟೆ ಒಂದೇ ಸಲ ಒಡೆಯಲ್ಲ, ಅದೇ ಇವುಗಳ ಜಾಣತನ. ಅಕಾಲದಲ್ಲಿ ಒಂದು ಮಳೆ ಬಂದು ಹೊಂಡ ಮತ್ತೆ ಒಣಗಿದ್ರೆ ಹುಟ್ಟಿದ ಮರಿ ಅಷ್ಟೂ ಹೋಗುತ್ತೆ, ಇನ್ನೂ ಬ್ರೇಕಲ್ಲೇ ಇರೋವು ಬಚಾವ್. ಮರಿ ಎತ್ಕೊಂಡ ಮೇಲೆ ಪೀಟ್ ಎಸೀಬೇಡಿ, ಮತ್ತೆ ಹಿಂಡಿ ಕವರಿಗೆ ಹಾಕಿ ಇನ್ನೊಂದಷ್ಟು ವಾರ ಬಿಟ್ಟು ನೀರು ಹಾಕಿ, ಎರಡನೇ ಬ್ಯಾಚ್ ಬರೋ ಚಾನ್ಸ್ ಚೆನ್ನಾಗೇ ಇರುತ್ತೆ.