ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಿಸಬೇಡಿ

ಮೈಸೂರಿನ ನನ್ನ ಚಿಕಿತ್ಸಾಲಯಕ್ಕೆ ನಾಯಿಮರಿಗಳನ್ನು ಕರೆತರುವವರಲ್ಲಿ ಬಹುತೇಕರು ಲಸಿಕೆ ಹಾಕಿಸಿಕೊಂಡು ಏಳುವ ಹೊತ್ತಿಗೆ ಒಂದು ದೂರನ್ನು ಹೇಳಿಯೇ ಏಳುತ್ತಾರೆ. "ಡಾಕ್ಟ್ರೇ, ನಿನ್ನೆ ಚೆನ್ನಾಗಿ ಮಾಡ್ತಿತ್ತು, ಇವತ್ತು ಬೇಕೂಂತ್ಲೇ ಮಾಡ್ತಿಲ್ಲ." ಈ "ಬೇಕೂಂತ್ಲೇ" ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಅದರ ಬೆನ್ನಿಗೇ ಮಡಿಸಿದ ದಿನಪತ್ರಿಕೆಯ ಏಟೋ, ಊಟ ತಪ್ಪಿಸುವ ಶಿಕ್ಷೆಯೋ ಬಂದಿರುತ್ತದೆ.

ಈಚೆಗೆ ಬಂದ ಒಂದು ಕುಟುಂಬದ ವಿಷಯ ಹೇಳುತ್ತೇನೆ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ. ಭಾನುವಾರ ಬೆಳಿಗ್ಗೆ ಮನೆಯ ಹುಡುಗ ಅದಕ್ಕೆ ಬಿಸ್ಕತ್ತಿನ ಚೂರು ಕೊಡುತ್ತಾ "ಇರು" ಎಂಬುದನ್ನು ಕಲಿಸಿದ್ದಾನೆ. ಎಂಟೂವರೆಯ ಹೊತ್ತಿಗೆ ಹತ್ತರಲ್ಲಿ ಎಂಟು ಸಲ ಮರಿ ಹೇಳಿದ ಜಾಗದಲ್ಲೇ ಕೂತಿದೆ. ಒಂಬತ್ತು ಗಂಟೆಗೆ ಎಲ್ಲರೂ ಅದನ್ನು ಕಾರಿನಲ್ಲಿ ಹಾಕಿಕೊಂಡು ನಂಜನಗೂಡಿನ ಹತ್ತಿರದ ಬಂಧುಗಳ ಗೃಹಪ್ರವೇಶಕ್ಕೆ ಹೋಗಿದ್ದಾರೆ. ಮರಿಯ ಮಟ್ಟಿಗೆ ಅದು ಮೊದಲ ಕಾರು ಪ್ರಯಾಣ, ಮೊದಲ ಓಲಗ, ಮೊದಲ ಹಸು, ಹೋಮದ ಹೊಗೆ, ಎತ್ತಿ ಮುದ್ದಾಡುವ ಮೂವತ್ತು ನಲವತ್ತು ಅಪರಿಚಿತ ಕೈಗಳು. ಅಲ್ಲೇ ಹುಡುಗನ ಸೋದರಮಾವ ಅದಕ್ಕೆ ಕೈ ಕೊಡುವುದನ್ನೂ ಕಲಿಸಿದ್ದಾರೆ. ಸೋಮವಾರ ಬೆಳಿಗ್ಗೆ "ಇರು" ಎಂದರೆ ಮರಿ ಮಿಕಮಿಕ ನೋಡಿದೆ, ಎದ್ದು ಬಂದಿದೆ, ಏಟು ತಿಂದಿದೆ. ಕಲಿಸಿದ ಮೇಲೆ ಏನು ಮಾಡಿದಿರಿ ಎಂದು ನಾನು ಕೇಳಿದಾಗ ತಂದೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಲಿಸಿ ಆಯ್ತಲ್ಲ ಸರ್, ಆಮೇಲೆ ಏನ್ ಮಾಡಿದ್ರೆ ಏನು?" ಎಂದರು.

ಈ ಅಂಕಣ ಆ ಒಂದು ಪ್ರಶ್ನೆಗೆ ಉತ್ತರ. ಕಲಿತದ್ದು ಬೇರೆ, ಕಲಿತದ್ದು ಉಳಿಯುವುದು ಬೇರೆ. ಪಾಠ ಮುಗಿದ ಕ್ಷಣದಲ್ಲಿ ಪ್ರಾಣಿಯ ಮಿದುಳಿನಲ್ಲಿ ಇರುವುದು ಹೆಪ್ಪು ಹಾಕಿದ ಹಾಲೇ ಹೊರತು ಮೊಸರಲ್ಲ. ಅದು ಗಟ್ಟಿಯಾಗಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಪಾತ್ರೆಯನ್ನು ಎತ್ತಿ ಇಳಿಸಬಾರದು. ಹಾಲಿನ ವಿಷಯದಲ್ಲಿ ಇದು ನಮ್ಮ ಎಲ್ಲ ಮನೆಗಳಿಗೂ ಗೊತ್ತು. ನಾಯಿಯ ವಿಷಯದಲ್ಲಿ ಮಾತ್ರ, ಬೆಳಿಗ್ಗೆ ಹತ್ತರಲ್ಲಿ ಎಂಟು ಸಲ ಸರಿ ಮಾಡಿದ್ದನ್ನು ಕಣ್ಣಾರೆ ಕಂಡವರು ಅದು ಮೊಸರಾಗಿಯೇ ಹೋಯಿತು ಎಂದು ನಂಬಿಬಿಡುತ್ತಾರೆ.

ಹೊಸದಾಗಿ ಕಲಿತದ್ದು ಗಟ್ಟಿಯಾಗಲು ಸಮಯ ಬೇಕು, ಅಷ್ಟರೊಳಗೆ ಇನ್ನೊಂದನ್ನು ಕಲಿತರೆ ಮೊದಲಿನದು ಕೆಡುತ್ತದೆ ಎಂಬ ವಾದವನ್ನು ಜರ್ಮನಿಯ ಮ್ಯೂಲರ್ ಮತ್ತು ಪಿಲ್ಟ್ಸೆಕರ್ 1900ರಲ್ಲೇ ಮುಂದಿಟ್ಟರು. ಅವರ ಪ್ರಯೋಗಗಳು ಮನುಷ್ಯರ ಮೇಲೆ ನಡೆದವು. ಪ್ರಾಣಿಗಳ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1946ರಲ್ಲಿ ಮಿನಾಮಿ ಮತ್ತು ಡಾಲೆನ್‌ಬಾಕ್ ಪ್ರಕಟಿಸಿದ ಜಿರಳೆಯ ಪ್ರಯೋಗ. ಜಿರಳೆ ಕತ್ತಲನ್ನು ಹುಡುಕಿ ಹೋಗುವ ಜೀವಿ. ಕತ್ತಲಿಗೆ ಹೋದರೆ ಸಣ್ಣ ವಿದ್ಯುತ್ ಆಘಾತ ಎಂಬುದನ್ನು ಅದಕ್ಕೆ ಕಲಿಸಿದರು. ಕಲಿತ ಮೇಲೆ ಕೆಲವನ್ನು ಮೆತ್ತನೆಯ ಕಾಗದವಿದ್ದ ಪುಟ್ಟ ಪೆಟ್ಟಿಗೆಗೆ ಬಿಟ್ಟರು. ಮೈಗೆಲ್ಲ ಕಾಗದ ತಾಗಿದೊಡನೆ ಜಿರಳೆ ಅಲುಗಾಡದೆ ಇದ್ದುಬಿಡುತ್ತದೆ. ಇನ್ನು ಕೆಲವನ್ನು ತಿರುಗುವ ಪಟ್ಟಿಯ ಮೇಲೆ ನಡೆಸಿದರು. ಅಲುಗಾಡದೆ ಇದ್ದವು ಪಾಠವನ್ನು ಉಳಿಸಿಕೊಂಡವು, ನಡೆದವು ಕಳೆದುಕೊಂಡವು. ಜಿರಳೆಗೆ ಹಠವಿದೆ, ಬೇಕೆಂದೇ ಮರೆಯುತ್ತದೆ ಎಂದು ಯಾರೂ ಹೇಳಲಾರರು.

ಇಲಿಗಳ ಮೇಲೆ ನಡೆದ ಕೆಲಸ ಇನ್ನೂ ವಿವರವಾದದ್ದು. ಬ್ರೆಜಿಲಿನ ಇವಾನ್ ಇಸ್ಕಿಯೆರ್ದೊ ಮತ್ತು ಅವರ ಸಹೋದ್ಯೋಗಿಗಳು ಇಲಿಗೆ ಒಂದು ಪಾಠ ಕಲಿಸಿ, ಸ್ವಲ್ಪ ಹೊತ್ತಿನ ಬಳಿಕ ಅದು ಹಿಂದೆಂದೂ ನೋಡಿರದ ತೆರೆದ ಪೆಟ್ಟಿಗೆಯಲ್ಲಿ ಕೆಲವೇ ನಿಮಿಷ ಓಡಾಡಲು ಬಿಟ್ಟರು. ಆ ಪೆಟ್ಟಿಗೆಯಲ್ಲಿ ನೋವಿಲ್ಲ, ಶಿಕ್ಷೆಯಿಲ್ಲ, ಇರುವುದು ಹೊಸತನ ಮಾತ್ರ. ಆದರೂ ಮೊದಲ ಪಾಠದ ನೆನಪು ಕುಂದಿತು. 1998ರಲ್ಲಿ ಡಬ್ಲಿನ್‌ನ ಸಂಶೋಧಕರು ಇದೇ ಬಗೆಯ ಸಂಗತಿಯನ್ನು ಮಿದುಳಿನ ಒಳಗೇ ಕಂಡರು. ನೆನಪು ರೂಪುಗೊಳ್ಳುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ನಡುವಿನ ಸಂಪರ್ಕವನ್ನು ವಿದ್ಯುತ್ ಪ್ರಚೋದನೆಯಿಂದ ಬಲಪಡಿಸಿ, ಬಳಿಕ ಇಲಿಯನ್ನು ಹೊಸ ಜಾಗದಲ್ಲಿ ಓಡಾಡಲು ಬಿಟ್ಟರೆ, ಹಾಗೆ ಬಂದ ಬಲ ಮತ್ತೆ ಇಳಿದುಹೋಯಿತು. ನೆನಪು ದೀರ್ಘಕಾಲ ಉಳಿಯಬೇಕಾದರೆ ಪಾಠದ ನಂತರದ ಗಂಟೆಗಳಲ್ಲಿ ನರಕೋಶಗಳು ಹೊಸ ಪ್ರೋಟೀನುಗಳನ್ನು ತಯಾರಿಸಿಕೊಳ್ಳಬೇಕು. ಆ ಸಾಮಗ್ರಿ ಮಿತವಾದದ್ದರಿಂದ ಬೆನ್ನುಬೆನ್ನಿಗೆ ಬಂದ ಎರಡು ಅನುಭವಗಳು ಅದಕ್ಕಾಗಿ ಪೈಪೋಟಿ ನಡೆಸುತ್ತವೆ ಎಂಬುದು ಈಗ ಮುಂದಿರುವ ವಿವರಣೆಗಳಲ್ಲಿ ಒಂದು.

ಇಲ್ಲಿ ಎಚ್ಚರಿಕೆಯ ಮಾತನ್ನೂ ಸೇರಿಸದಿದ್ದರೆ ತಪ್ಪಾಗುತ್ತದೆ. ಹೊಸ ಅನುಭವ ಯಾವಾಗಲೂ ನೆನಪನ್ನು ಕೆಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಬ್ಯೂನಸ್ ಐರಿಸ್‌ನ ಮೊಂಕಾಡಾ ಮತ್ತು ವಿಯೋಲಾ 2007ರಲ್ಲಿ ತೋರಿಸಿದಂತೆ, ತಾನಾಗಿ ಬಹುಕಾಲ ಉಳಿಯದಷ್ಟು ದುರ್ಬಲವಾದ ಪಾಠವೊಂದಕ್ಕೆ ಸುಮಾರು ಒಂದು ಗಂಟೆ ಮುಂಚೆ ಇಲಿ ಹೊಸ ಜಾಗವನ್ನು ನೋಡಿದ್ದರೆ, ಆ ಪಾಠವೇ ದೀರ್ಘಕಾಲ ಉಳಿಯುತ್ತದೆ. ಪಾಠ ಎಷ್ಟು ಬಲವಾದದ್ದು, ಹೊಸತು ಮೊದಲು ಬಂತೋ ನಂತರ ಬಂತೋ, ನಡುವೆ ಎಷ್ಟು ಅಂತರವಿತ್ತು ಎಂಬುದರ ಮೇಲೆ ಫಲ ಬದಲಾಗುತ್ತದೆ. ಇನ್ನು ನಾಯಿಗಳ ಮೇಲೆಯೇ 2017ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನವನ್ನು ಓದಿಕೊಂಡು ಬಂದು ನನ್ನೊಡನೆ ವಾದಿಸುವವರೂ ಇದ್ದಾರೆ. ಅಲ್ಲಿ 16 ಲ್ಯಾಬ್ರಡಾರ್‌ಗಳಿಗೆ ಎರಡು ವಸ್ತುಗಳಲ್ಲಿ ಒಂದನ್ನು ಆರಿಸುವುದನ್ನು ಕಲಿಸಿ, ಅರ್ಧವನ್ನು 30 ನಿಮಿಷ ನಡೆದಾಟ ಮತ್ತು ಚೆಂಡಾಟಕ್ಕೆ ಬಿಟ್ಟರು, ಉಳಿದವನ್ನು ಸುಮ್ಮನೆ ಮಲಗಿಸಿದರು, ಆದರೆ ನಿದ್ದೆಗೆ ಬಿಡಲಿಲ್ಲ. ಮರುದಿನ ಅದೇ ಪಾಠವನ್ನು ಮತ್ತೆ ಕಲಿಯಲು ಆಡಿದ ನಾಯಿಗಳಿಗೆ ಸರಾಸರಿ 26 ಪ್ರಯತ್ನ ಸಾಕಾಯಿತು, ಮಲಗಿದವಕ್ಕೆ 43 ಬೇಕಾಯಿತು. ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ನಾಯಿಗಳು ಆಡಿದ್ದು ತಮಗೆ ಅಭ್ಯಾಸವಿದ್ದ ಆಟವನ್ನು. ಅದರಲ್ಲಿ ಉತ್ಸಾಹವಿತ್ತು, ಹೊಸದಾಗಿ ಕಲಿಯಬೇಕಾದ್ದು ಇರಲಿಲ್ಲ. ಮನೆಯಂಗಳದ ಹಳೆಯ ಚೆಂಡು ಒಂದು, ಗೃಹಪ್ರವೇಶದ ಓಲಗ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಹದಿನೈದು ದಿನದಲ್ಲಿ ಹನ್ನೆರಡು ಆಜ್ಞೆ ಕಲಿಸುತ್ತೇವೆ ಎಂದು ಹಣ ಪಡೆಯುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು 44 ಬೀಗಲ್ ನಾಯಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ದಿನವೂ ಪಾಠ ಹೇಳಿಸಿಕೊಂಡವಕ್ಕಿಂತ ವಾರಕ್ಕೆ ಒಂದೆರಡು ಸಲ ಹೇಳಿಸಿಕೊಂಡವು ಕಡಿಮೆ ಪಾಠಗಳಲ್ಲಿ ಕಲಿತವು. ನಾಲ್ಕು ವಾರಗಳ ನಂತರ ನೆನಪಿನಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಅಂದರೆ ನಿಧಾನವಾಗಿ ಹೋದವರಿಗೆ ನಷ್ಟವಾಗಲಿಲ್ಲ, ಶ್ರಮದಲ್ಲಿ ಉಳಿತಾಯವೇ ಆಯಿತು.

ಇದನ್ನು ನಮ್ಮ ಮಾವುತರು ಮತ್ತು ಕಾವಾಡಿಗಳು ಅನುಭವದಿಂದಲೇ ಕಂಡುಕೊಂಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ದಸರಾ ಆನೆಗಳು ಕಾಡಿನ ಶಿಬಿರಗಳಿಂದ ಅರಮನೆಗೆ ಬಂದ ಕೂಡಲೇ ಅವುಗಳ ಬೆನ್ನಿಗೆ 750 ಕಿಲೋ ಅಂಬಾರಿ ಕಟ್ಟುವುದಿಲ್ಲ. ಮೊದಲು ಬರಿಮೈಯಲ್ಲಿ ಬನ್ನಿಮಂಟಪದವರೆಗೆ ನಡಿಗೆ, ಅದು ರೂಢಿಯಾದ ಮೇಲೆ ಮರಳಿನ ಮೂಟೆ, ಬಳಿಕ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೆ ಬೇರೆಯೇ ತಾಲೀಮು, ಬೇರೆಯೇ ದಿನ. ವಾರಗಟ್ಟಲೆ ನಡೆಯುವ ಈ ಕ್ರಮವನ್ನು ನೋಡಲು ಜನ ರಸ್ತೆಯ ಬದಿಯಲ್ಲಿ ನಿಲ್ಲುತ್ತಾರೆ. ಮನೆಗೆ ಹೋಗಿ ತಮ್ಮ ಮರಿಗೆ ಮಾತ್ರ ಒಂದೇ ಭಾನುವಾರದಲ್ಲಿ ಎಲ್ಲವನ್ನೂ ತುರುಕುತ್ತಾರೆ.

ಆ ಲ್ಯಾಬ್ರಡಾರ್ ಮರಿಯ ಮನೆಯವರಿಗೆ ನಾನು ಹೇಳಿದ್ದು ಇಷ್ಟೇ. ಪಾಠ ಐದು ನಿಮಿಷ, ಒಂದು ಹೊತ್ತಿಗೆ ಒಂದೇ ಪಾಠ. ಮುಗಿದ ಮೇಲೆ ಒಂದೆರಡು ಗಂಟೆ ಹೊಸ ಜಾಗ ಬೇಡ, ಹೊಸ ಜನ ಬೇಡ, ಹೊಸ ಆಜ್ಞೆಯಂತೂ ಬೇಡವೇ ಬೇಡ. ಪರಿಚಿತ ಅಂಗಳದಲ್ಲಿ ಆಡಲಿ, ನಿದ್ದೆ ಬಂದರೆ ಮಲಗಲಿ. ಒಂದೆರಡು ಗಂಟೆ ಎಂಬ ಅಂಕಿ ನನ್ನ ಅನುಭವದ ಅಂದಾಜು, ಪ್ರಯೋಗಾಲಯದ ಅಳತೆಯಲ್ಲ. ಹುಡುಗ ಪಾಠವನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಂಡ. ಬಿಸ್ಕತ್ತು ಮುಗಿದ ಮೇಲೆ ಹಜಾರದ ದೀಪ ಆರಿಸಿ, ಗೋಣಿತಾಟಿನ ಮೇಲೆ ಮರಿ ಮುಂಗಾಲು ಅದುರಿಸುತ್ತಾ ನಿದ್ದೆ ಹೋಗುವವರೆಗೂ ಟಿವಿ ಹಾಕಲು ಯಾರಿಗೂ ಬಿಡುತ್ತಿರಲಿಲ್ಲವಂತೆ. ಅಷ್ಟು ಕಟ್ಟುನಿಟ್ಟು ಬೇಕಿರಲಿಲ್ಲ, ಆದರೆ ಅವನ ಆ ಕಾಳಜಿ ಕಂಡು ನಾನು ತಿದ್ದಲಿಲ್ಲ. ಮೂರನೆಯ ವಾರ ಮುಂದಿನ ಲಸಿಕೆಗೆ ಬಂದಾಗ ಮರಿ ನನ್ನ ಮೇಜಿನ ಪಕ್ಕ "ಇರು" ಎಂದ ಕಡೆ ಇತ್ತು.

ಒಂದು ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಭಯದ ಅನುಭವ ಒಂದೇ ಸಲಕ್ಕೆ ಅಚ್ಚೊತ್ತಬಲ್ಲದು. ಪಾಠದ ಬೆನ್ನಿಗೇ ಬೀದಿಯಲ್ಲಿ ಆನೆಪಟಾಕಿ ಸಿಡಿದರೆ ನಾಯಿಯಲ್ಲಿ ಪಾಠ ಉಳಿಯದೆ ಪಟಾಕಿಯೇ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ದೀಪಾವಳಿಯ ವಾರ ಹೊಸದೇನನ್ನೂ ಕಲಿಸಲು ಹೋಗಬೇಡಿ.

ಮೇಲಿನದನ್ನೆಲ್ಲ ಪಾಲಿಸಿಯೂ ಮೂರು ನಾಲ್ಕು ವಾರಗಳಲ್ಲಿ ಏನೂ ಉಳಿಯುತ್ತಿಲ್ಲವಾದರೆ ನೆನಪಿನ ಬಗ್ಗೆ ಯೋಚಿಸುವ ಮೊದಲು ಕಿವಿ ತೋರಿಸಿ. ಕಿವಿಯ ಸೋಂಕಿನಿಂದ ಸರಿಯಾಗಿ ಕೇಳಿಸದ ನಾಯಿಗಳನ್ನು ಮೊಂಡು ಎಂದು ಹೊಡೆದು ಕರೆತಂದವರನ್ನು ನಾನು ನೋಡಿದ್ದೇನೆ. ಹತ್ತು ವರ್ಷ ದಾಟಿದ ನಾಯಿ ಮೊದಲು ಗೊತ್ತಿದ್ದ ಆಜ್ಞೆಗಳನ್ನೇ ಮರೆಯುತ್ತಿದ್ದರೆ, ರಾತ್ರಿ ಹೊತ್ತು ಗೋಡೆಯ ಮೂಲೆಯಲ್ಲಿ ದಿಕ್ಕು ತೋಚದೆ ನಿಲ್ಲುತ್ತಿದ್ದರೆ, ಅದು ಬೇರೆ ತೊಂದರೆ. ಅದಕ್ಕೆ ತರಬೇತಿ ಮದ್ದಲ್ಲ, ಮುಪ್ಪಿನ ಕಾಯಿಲೆಗೆ ನಡೆಸುವ ತಪಾಸಣೆಯನ್ನು ಮೊದಲು ಮಾಡಿಸಬೇಕು.