26 ಲೇನ್ ಮಾಡಿದರೂ ಜಾಮ್ ಯಾಕೆ?

ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅಂತ ಒಂದು ಹೆದ್ದಾರಿ ಇದೆ. ಸುಮಾರು 280 ಕೋಟಿ ಡಾಲರ್ ಸುರಿದು ಅದನ್ನು ಅಗಲ ಮಾಡಿದರು, 2008ರಲ್ಲಿ ಕೆಲಸ ಮುಗಿಯಿತು. ಸರ್ವಿಸ್ ರಸ್ತೆಯೂ ಸೇರಿ ಕೆಲವು ಕಡೆ 26 ಲೇನ್. ಇಪ್ಪತ್ತಾರು! ಆದರೂ 2011ರಿಂದ 2014ರೊಳಗೆ ಅಲ್ಲಿ ಓಡಾಡಲು ಹಿಡಿಯುವ ಸಮಯ ಬೆಳಗ್ಗೆ ಸುಮಾರು 30%, ಸಂಜೆ 55% ಏರಿತು.

ಅಗಲ ಮಾಡಿದ್ದೇ ತಪ್ಪು ಅಂತ ತೀರ್ಪು ಕೊಡುವವರು ಈ ಅಂಕಿಯನ್ನೇ ಹಿಡಿದುಕೊಳ್ಳುತ್ತಾರೆ. ನನಗೆ ಇದು ಅರ್ಧ ಲೆಕ್ಕ ಅನ್ನಿಸುತ್ತದೆ. ಹ್ಯೂಸ್ಟನ್ ಹೇಗೂ ಬೆಳೆಯುತ್ತಿದ್ದ ಊರು. ಅಗಲ ಮಾಡದಿದ್ದರೆ ಏನಾಗುತ್ತಿತ್ತು ಅಂತ ನೋಡೋಕೆ ಇನ್ನೊಂದು ಹ್ಯೂಸ್ಟನ್ ಇಲ್ವಲ್ಲ! ಇನ್ನೊಂದು ತೊಡಕೂ ಇದೆ: ಟ್ರಾಫಿಕ್ ಏರುವ ಕಡೆಯೇ ರಸ್ತೆ ಅಗಲ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಕಾಯಿಲೆಯವರು ಜಾಸ್ತಿ ಇದ್ದಾರೆ, ಹಾಗಾಗಿ ಆಸ್ಪತ್ರೆಯಿಂದಲೇ ಕಾಯಿಲೆ ಅಂದ ಹಾಗಾಗುತ್ತದೆ.

ಡುರಾಂಟನ್ ಮತ್ತು ಟರ್ನರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ಒಳ್ಳೆ ಉಪಾಯ ಹುಡುಕಿದರು. 1947ರ ಹೆದ್ದಾರಿ ನಕ್ಷೆ, 1898ರ ರೈಲು ಹಳಿಗಳು, ಅದಕ್ಕೂ ಹಿಂದೆ ಅನ್ವೇಷಕರು ನಡೆದ ದಾರಿಗಳು, ಇವನ್ನೆಲ್ಲ ತೆಗೆದು ನೋಡಿದರು. ಇವತ್ತು ಯಾವ ಊರಿಗೆ ಎಷ್ಟು ಹೆದ್ದಾರಿ ಸಿಕ್ಕಿದೆ ಅನ್ನುವುದರಲ್ಲಿ ಆ ಹಳೇ ಗೆರೆಗಳ ಪಾಲು ದೊಡ್ಡದು, ಆದರೆ ಗೆರೆ ಎಳೆದವರಿಗೆ ಈಗಿನ ಟ್ರಾಫಿಕ್ ಗೊತ್ತಿರೋಕೆ ಸಾಧ್ಯವೇ ಇರಲಿಲ್ಲ, ಅಲ್ವಾ? ಹಾಗಾಗಿ ಆ ಗೆರೆಗಳಿಂದ ಬಂದ ಹೆದ್ದಾರಿಯನ್ನು ಲೆಕ್ಕಕ್ಕೆ ಹಿಡಿದರೆ, ಟ್ರಾಫಿಕ್ ನೋಡಿ ರಸ್ತೆ ಮಾಡಿದರು ಅನ್ನುವ ತೊಡಕು ಇರುವುದಿಲ್ಲ. 2011ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಊರಲ್ಲಿ ಹೆದ್ದಾರಿಯ ಲೇನ್ 10% ಹೆಚ್ಚಿದರೆ ಅಲ್ಲಿ ವಾಹನಗಳ ಓಡಾಟವೂ ಹೆಚ್ಚೂಕಡಿಮೆ 10% ಹೆಚ್ಚುತ್ತದೆ. ಅದರಲ್ಲಿ ಬೇರೆ ರಸ್ತೆ ಬಿಟ್ಟು ಬಂದ ಗಾಡಿಗಳು ಕಮ್ಮಿಯೇ. ಇದ್ದವರೇ ಜಾಸ್ತಿ ಓಡಿಸುತ್ತಾರೆ, ಲಾರಿಗಳು ಹೆಚ್ಚುತ್ತವೆ, ಹೊಸಬರೂ ಬಂದು ನೆಲೆಸುತ್ತಾರೆ.

ಹಾಗಾಗಿ ರಿಬ್ಬನ್ ಕತ್ತರಿಸಿದ ಮರುವಾರ ಅಳೆದರೆ ಫಲಿತಾಂಶ ಚೆನ್ನಾಗೇ ಬರುತ್ತದೆ. ಎರಡು ಮೂರು ವರ್ಷ ಬಿಟ್ಟು, ಪಕ್ಕದ ರಸ್ತೆಗಳನ್ನೂ ಸೇರಿಸಿ ಅಳೆಯಬೇಕು. ಸಂಜೆ ಆರು ಗಂಟೆಯ ವೇಗ ಒಂದೇ ಸಾಲದು. ಮೊದಲು ಜಾಮ್ ತಪ್ಪಿಸಲು ಬೆಳಗಿನ ಜಾವ ಐದಕ್ಕೇ ಹೊರಡುತ್ತಿದ್ದವನು ಈಗ ಆರಾಮಾಗಿ ತಿಂಡಿ ತಿಂದು ಎಂಟಕ್ಕೆ ಹೊರಡುತ್ತಾನೆ ಅಂದುಕೊಳ್ಳಿ. ಎಂಟು ಗಂಟೆಯ ಜಾಮ್‌ಗೆ ಒಂದು ಕಾರು ಹೆಚ್ಚಾಯಿತು, ನಿಜ. ಅವನಿಗೆ ಸಿಕ್ಕ ಮೂರು ಗಂಟೆ ನಿದ್ದೆಯನ್ನು ಯಾವ ಕಾಲಂನಲ್ಲಿ ಬರೆಯೋದು?