ಹಲಸಿನ ಪೆಟ್ಟಿಗೆ, ಪಾರಿವಾಳದ ಬಾಲ: ಮರೆಯುವ ಮೊದಲು ಬರೆದಿಟ್ಟದ್ದು

ಬೇಸಿಗೆ ರಜೆಯಲ್ಲಿ ಶುರು ಮಾಡಿದ ಪೆಟ್ಟಿಗೆ ಮುಗಿದು ಮೂರು ವಾರ ಆಯಿತು. ಶಾಲೆ ಮತ್ತೆ ಶುರುವಾಗಿದೆ. ಹೆಬ್ಬೆರಳಿನ ಗಾಯ ಮಾಯುತ್ತಿದೆ, ಅದರ ಜೊತೆ ಕಲಿತದ್ದೂ ಮಾಯವಾಗುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಮೊದಲ ಸಲ ಕೈ ಹಾಕುವವರಿಗೆ ಉಪಯೋಗಕ್ಕೆ ಬರಬಹುದು.

ಪೆಟ್ಟಿಗೆ 240 ಮಿ.ಮೀ. ಉದ್ದ, 150 ಅಗಲ, 100 ಎತ್ತರ. ಹಲಗೆಯ ದಪ್ಪ 12 ಮಿ.ಮೀ. ಮೈ ಪೂರ್ತಿ ಹಲಸು, ಮುಚ್ಚಳದ ಮೇಲೆ ಬೀಟೆಯ ಒಂದು ಸಣ್ಣ ಪಟ್ಟಿ. ಮೊಳೆ ಇಲ್ಲ, ಸ್ಕ್ರೂ ಇಲ್ಲ. ನಾಲ್ಕು ಮೂಲೆಗೂ ಡವ್‌ಟೇಲ್. ಒಂದು ಹಲಗೆಯ ತುದಿಯಲ್ಲಿ ಪಾರಿವಾಳದ ಬಾಲದ ಹಾಗೆ ಹರಡಿದ ಹಲ್ಲುಗಳು, ಇನ್ನೊಂದರ ತುದಿಯಲ್ಲಿ ಅವು ಕೂರುವ ಸಂದುಗಳು. ಆ ಸಂದುಗಳ ನಡುವೆ ಉಳಿಯುವ ಗೂಟಗಳಿಗೆ ಪಿನ್ ಅನ್ನುತ್ತಾರೆ. ಬಾಲ ತುದಿಯಲ್ಲಿ ಅಗಲ, ಬುಡದಲ್ಲಿ ಸಣ್ಣ. ಹಾಗಾಗಿ ಎಳೆದರೆ ಬರುವುದಿಲ್ಲ.

ಹತ್ತರಿ ಹೊಡೆದು ಹಲಗೆ ಸಮ ಮಾಡುವುದು, ಉಳಿ ಮಸೆಯುವುದು, ಮೂಲೆಮಟ್ಟ ಹಿಡಿಯುವುದು ಇದೆಲ್ಲ ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೇನೆ. ಹಲಸಿನ ಬಗ್ಗೆ ಮಾತ್ರ ಒಂದು ಮಾತು. ಇದರ ಎಳೆ ಒಂದೇ ಕಡೆ ಓಡುವುದಿಲ್ಲ, ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಹತ್ತರಿ ಒಂದು ಗೇಣು ಸಲೀಸಾಗಿ ಹೋಗಿ, ಆಮೇಲೆ ಕಚ್ಚಿ ಎದ್ದು ಬರುತ್ತದೆ. ಅಲಗನ್ನು ಕೂದಲೆಳೆಯಷ್ಟೇ ಹೊರಗೆ ಬಿಟ್ಟು ಉಜ್ಜಬೇಕು. ಇದೇ ಮರದಲ್ಲಿ ವೀಣೆ ಮಾಡುವವರ ತಾಳ್ಮೆ ಎಷ್ಟಿರಬೇಕು! ಗರಗಸದ ಹೊಟ್ಟು ಅರಿಸಿನದ ಹಾಗೆ ಹಳದಿ. ನನ್ನ ಬಿಳಿ ಪಂಚೆ ಈಗ ಬಿಳಿಯಾಗಿ ಉಳಿದಿಲ್ಲ.

ಬಾಲಗಳನ್ನು ಹಂಚುವುದು

ನನಗೆ ತುಂಬಾ ಇಷ್ಟವಾದ ಭಾಗ ಇದು. 100 ಮಿ.ಮೀ. ಎತ್ತರದಲ್ಲಿ ಮೂರು ಬಾಲ ಬರಬೇಕು. ಎರಡು ತುದಿಯಲ್ಲಿ 8 ಮಿ.ಮೀ. ಬಿಡಬೇಕು, ಬಾಲಗಳ ನಡುವೆ 7 ಮಿ.ಮೀ. ಸಂದು ಬೇಕು. (7 ಯಾಕೆ ಅಂದರೆ ನನ್ನ ಹತ್ತಿರ ಇರುವ ಸಣ್ಣ ಉಳಿ 6 ಮಿ.ಮೀ.ದು. ಉಳಿ ಹೋಗದ ಸಂದು ಕೊರೆದು ಏನು ಮಾಡುವುದು?) ಲೆಕ್ಕ ಮಾಡಿದರೆ ಒಂದೊಂದು ಬಾಲ 23.33 ಮಿ.ಮೀ. ಬರುತ್ತದೆ. ಅದನ್ನು ಸ್ಕೇಲಿನಲ್ಲಿ ಹುಡುಕಿ ನೋಡಿ.

ಲೆಕ್ಕ ಬೇಡ, ಕೈವಾರ ಸಾಕು. ಎರಡೂ ತುದಿಯಿಂದ 8 ಮಿ.ಮೀ.ಗೆ ಒಂದೊಂದು ಗುರುತು ಹಾಕಿ. ಕೈವಾರದ ಮುಳ್ಳನ್ನು ಎಡ ಗುರುತಿನ ಮೇಲಿಟ್ಟು ಮೂರು ಹೆಜ್ಜೆ ನಡೆಸಿ. ಮೂರನೇ ಹೆಜ್ಜೆ ಬಲ ಗುರುತನ್ನು ದಾಟಿ ಬೀಳಬೇಕು. ಎಷ್ಟು ದಾಟುತ್ತದೋ ಅಷ್ಟೇ ನಿಮ್ಮ ಸಂದಿನ ಅಗಲ. 7 ಮಿ.ಮೀ. ದಾಟುವ ತನಕ ಕೈವಾರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ. ಸರಿಯಾಯಿತು ಅನ್ನಿಸಿದ ಮೇಲೆ ಎಡದಿಂದ ಒತ್ತಿ ಚುಕ್ಕೆ ಇಡುತ್ತಾ ನಡೆಸಿ. ಆಮೇಲೆ ಬಲ ಗುರುತಿನಿಂದ ಎಡಕ್ಕೆ ಅದೇ ಹೆಜ್ಜೆ. ಮೂರೂ ಬಾಲ ಒಂದೇ ಅಳತೆಯಲ್ಲಿ ತಾವಾಗಿಯೇ ಬಂದು ಕೂರುತ್ತವೆ. ಒಂದು ಅಂಕಿಯನ್ನೂ ಬರೆಯಬೇಕಿಲ್ಲ. ನಾನು ಗಣಿತದ ಮೇಷ್ಟ್ರು. ಇದು ಯಾಕೆ ಸರಿ ಬರುತ್ತದೆ ಅಂತ ಬೀಜಗಣಿತ ಹಾಕಿ ನೋಡಿದ ಮೇಲೇ ನಿದ್ದೆ ಬಂದದ್ದು. ಪಕ್ಕದ ಬೀದಿಯ ಆಚಾರ್ರು ಮಾತ್ರ "ಅದರಲ್ಲೇನಿದೆ ಮೇಷ್ಟ್ರೇ" ಅಂದುಬಿಟ್ಟರು.

ಓರೆ ಎಷ್ಟು? ಮೆದು ಮರಕ್ಕೆ 6ಕ್ಕೆ 1, ಗಟ್ಟಿ ಮರಕ್ಕೆ 8ಕ್ಕೆ 1 ಅನ್ನುವುದು ರೂಢಿ. ನಾನು ನಡುವಿನ 7ಕ್ಕೆ 1 ಹಿಡಿದೆ. ತಗಡಿನ ತುಂಡೊಂದನ್ನು ಆ ಓರೆಗೆ ಕತ್ತರಿಸಿಕೊಂಡೆ. ಅಷ್ಟೇ.

ಗೀಟಿನ ಯಾವ ಪಕ್ಕ? (ನಾನು ಮುಗ್ಗರಿಸಿದ್ದು ಇಲ್ಲೇ)

ನಾಲ್ಕು ಮೂಲೆ, ಮೂಲೆಗೆ ಮೂರು ಬಾಲ, ಬಾಲಕ್ಕೆ ಎರಡು ಕೊಯ್ತ. ಅಂದರೆ ಬಾಲದ ಹಲಗೆಗಳಲ್ಲಿ 24, ಪಿನ್ ಹಲಗೆಗಳಲ್ಲಿ ಇನ್ನೊಂದು 24. ನಾನು ಮೊದಲ 24ನ್ನು ಉಸಿರು ಬಿಗಿ ಹಿಡಿದು, ಗೀಟಿನ ಮೇಲೇ ಹೋಗಬೇಕು ಅಂತ ಹಟ ಹಿಡಿದು ಕೊಯ್ದೆ. ಎರಡನೇ 24ರ ಹೊತ್ತಿಗೆ ಕೈ ಸೋತಿತ್ತು. "ಸ್ವಲ್ಪ ಆಚೀಚೆ ಆದರೆ ಏನೀಗ" ಅಂದುಕೊಂಡೆ. ಸರಿಯಾಗಿ ತಿರುಗುಮುರುಗು ಮಾಡಿದ್ದೆ.

ವಿಷಯ ಹೀಗೆ. ಬಾಲವನ್ನು ಮೊದಲು ಕೊಯ್ದರೆ ಅದು ಗೀಟಿಗಿಂತ ಅರ್ಧ ಮಿಲಿಮೀಟರ್ ಆಚೆ ಹೋದರೂ ನಷ್ಟವಿಲ್ಲ. ಯಾಕೆ? ಪಿನ್‌ಗಳನ್ನು ನಾವು ಸ್ಕೇಲಿನಿಂದ ಗುರುತು ಮಾಡುವುದಿಲ್ಲ. ಕೊಯ್ದ ಬಾಲವನ್ನೇ ಪಿನ್ ಹಲಗೆಯ ತುದಿಯ ಮೇಲೆ ಇಟ್ಟು, ಅದರ ಸುತ್ತ ಚಾಕುವಿನಿಂದ ಗೀಟು ಎಳೆಯುತ್ತೇವೆ. ಬಾಲ ಸೊಟ್ಟಗಿದ್ದರೆ ಗುರುತೂ ಅದೇ ಸೊಟ್ಟಕ್ಕೆ ಬರುತ್ತದೆ. ಕೈಗೆ ತಕ್ಕ ಬಳೆ, ಬಳೆಗೆ ತಕ್ಕ ಕೈ ಅಲ್ಲ.

ಆದರೆ ಬಾಲದಲ್ಲಿ ಒಂದು ಮಾತ್ರ ತಪ್ಪಬಾರದು. ಹಲಗೆಯ ದಪ್ಪಕ್ಕೆ ಅಡ್ಡವಾಗಿ, ಅಂದರೆ ಆ 12 ಮಿ.ಮೀ. ದಾರಿಯಲ್ಲಿ, ಗರಗಸ ಮೂಲೆಮಟ್ಟಕ್ಕೆ ಸರಿಯಾಗಿ ಹೋಗಬೇಕು. ಗುರುತು ಮಾಡುವುದು ಬಾಲದ ಒಳಮೈಯಿಂದ. ಕೊಯ್ತ ವಾರೆಯಾಗಿ, ಹೊರಮೈ ಕಡೆ ಬಾಲ ಅಗಲವಾಗಿದ್ದರೆ? ಗುರುತು ಸಣ್ಣದಾಗಿ ಬೀಳುತ್ತದೆ, ಬಾಲ ಒಳಗೆ ಅರ್ಧ ಹೋಗಿ ನಿಲ್ಲುತ್ತದೆ. ಆಗ ಕೊಡತಿಯಲ್ಲಿ ಜೋರಾಗಿ ಬಡಿದರೆ ಪಿನ್ ಹಲಗೆ ಸೀಳುತ್ತದೆ. ಒಂದು ಹಲಗೆಯನ್ನು ಹಾಗೇ ಕಳೆದುಕೊಂಡೆ. ಆ ಶಬ್ದ ಈಗಲೂ ಕಿವಿಯಲ್ಲಿದೆ.

ಎರಡನೇ 24ರ ಕಥೆ ಬೇರೆ. ಇಲ್ಲಿ ಗೀಟೇ ದೇವರು. ನನ್ನ ಗರಗಸ ಹೋದ ದಾರಿಯಲ್ಲಿ ಹತ್ತಿರ ಹತ್ತಿರ 1 ಮಿ.ಮೀ. ಮರ ಪುಡಿಯಾಗಿ ಹೋಗುತ್ತದೆ. ಆ 1 ಮಿ.ಮೀ. ಪೂರ್ತಿ, ಹೋಗಬೇಕಾದ ಭಾಗದಲ್ಲೇ ಇರಬೇಕು. ಗೀಟಿನ ನಡು ಮಧ್ಯ ಕೊಯ್ದರೆ ಪಿನ್ನಿನ ಒಂದು ಪಕ್ಕ ಅರ್ಧ ಮಿ.ಮೀ. ಸಂದು. ಗೀಟಿನ ಆಚೆ ಪಿನ್ ಕಡೆ ಕೊಯ್ದರೆ ಪೂರ್ತಿ 1 ಮಿ.ಮೀ. ಸಂದು. ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಅದು ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ಇದಕ್ಕೆ ಆಚಾರ್ರು ತೋರಿಸಿದ ಉಪಾಯ ನನಗೆ ಇಡೀ ರಜೆಯ ಸಂಪಾದನೆ. ಚಾಕುವಿನ ಗೀಟು ಕಣ್ಣಿಗೆ ಕಾಣುವುದಿಲ್ಲ. ಚೂಪಾದ ಪೆನ್ಸಿಲ್‌ನ ತುದಿಯನ್ನು ಆ ಗೀಟಿನೊಳಗೆ ಹಗುರವಾಗಿ ಎಳೆಯಬೇಕು. ಸೀಸ ಗೀಟಿನ ಎರಡು ದಡಕ್ಕೂ ಹತ್ತುತ್ತದೆ. ಹತ್ತಿರದಿಂದ ನೋಡಿದರೆ ಈಗ ಎರಡು ಕಪ್ಪು ಎಳೆ, ನಡುವೆ ಚಾಕುವಿನ ಸೀಳು. ಗರಗಸ ಹಾಕುವಾಗ ಒಂದು ಕಪ್ಪು ಎಳೆ ಹೋಗಬೇಕು, ಇನ್ನೊಂದು ಉಳಿಯಬೇಕು. ಕೊಯ್ದ ಮೇಲೆ ಊದಿ ನೋಡಿ. ಪಿನ್ನಿನ ಅಂಚಿನಲ್ಲಿ ಕೂದಲಿನಂಥ ಕಪ್ಪು ಎಳೆ ತುದಿಯಿಂದ ತುದಿಗೆ ಇದೆಯಾ? ಗೆದ್ದಿರಿ. ಎರಡೂ ಉಳಿದಿದ್ದರೆ ಬಿಗಿಯಾಗುತ್ತದೆ, ಉಳಿಯಿಂದ ಕೆರೆದರೆ ಆಯಿತು. ಎರಡೂ ಹೋಗಿದ್ದರೆ ಚಹಾ ಕುಡಿದು ಬನ್ನಿ.

ಇನ್ನೊಂದು ಗೊಂದಲ ಇದಕ್ಕಿಂತ ದಡ್ಡತನದ್ದು, ಆದರೂ ಹೇಳಿಬಿಡುತ್ತೇನೆ. ಎರಡನೇ ಮೂಲೆಯಲ್ಲಿ ಗೀಟೆಲ್ಲ ಚೆನ್ನಾಗಿ ಬಂದಿತ್ತು, ಕೊಯ್ತವೂ ಚೆನ್ನಾಗಿತ್ತು. ಆಮೇಲೆ ಉಳಿ ಹಿಡಿದು ಉಳಿಯಬೇಕಾದದ್ದನ್ನು ತೆಗೆದುಹಾಕಿದೆ! ಎರಡು ಹಲಗೆಯಲ್ಲೂ ಬಾಲವೇ ಉಳಿದಿತ್ತು. ಬಾಲದ ಹಲಗೆಯಲ್ಲಿ ಬಾಲ ಉಳಿಯುತ್ತದೆ. ಪಿನ್ ಹಲಗೆಯಲ್ಲಿ ಬಾಲ ಕೂತ ಜಾಗ ಹೋಗುತ್ತದೆ. ಬಾಲ ಇನ್ನೂ ಮೇಲೆ ಕೂತಿರುವಾಗಲೇ ಅದು ಮುಚ್ಚಿದ ಜಾಗ ಯಾವುದು ಅಂತ ನೋಡಿಕೊಂಡು, ಎತ್ತಿದ ಕೂಡಲೇ ಅಲ್ಲಿ ದೊಡ್ಡದಾಗಿ ಕತ್ತರಿ ಗುರುತು ಹಾಕಿ. ಗೊತ್ತಾಗುತ್ತದೆ ಬಿಡು ಅಂತ ಸುಮ್ನೆ ಬಿಡಬೇಡಿ.

ಕೈಗೆ ನೆನಪಿರಲಿ ಅಂತ ಇಷ್ಟು: ಬಾಲ ಕೊಯ್ಯುವಾಗ ತಲೆಯ (ಹಲಗೆಯ ತುದಿಯ) ಮೇಲೆ ನೇರ, ಮುಖದ (ಹಲಗೆಯ ಅಗಲ ಮೈಯ) ಮೇಲೆ ಓರೆ. ಪಿನ್ ಕೊಯ್ಯುವಾಗ ತಲೆಯ ಮೇಲೆ ಓರೆ, ಮುಖದ ಮೇಲೆ ನೇರ. ಓರೆಯಾಗಿ ಕೊಯ್ಯುವುದು ಕಷ್ಟವಾದರೆ ಹಲಗೆಯನ್ನೇ ವೈಸ್‌ನಲ್ಲಿ ಓರೆ ಕೂರಿಸಿ, ಗೀಟು ನೆಟ್ಟಗೆ ನಿಲ್ಲುತ್ತದೆ. ಒಂದು ಪಕ್ಕದ ಗೀಟುಗಳನ್ನೆಲ್ಲ ಮುಗಿಸಿ, ಆಮೇಲೆ ಹಲಗೆಯನ್ನು ಆ ಕಡೆಗೆ ವಾಲಿಸಿ.

ಉಳಿ ಕೆಲಸ

ಬುಡದ ಗೀಟಿನ (ಬಾಲ, ಪಿನ್ನುಗಳ ಬುಡ ಎಲ್ಲಿ ಅಂತ ಹಲಗೆಗೆ ಅಡ್ಡ ಎಳೆದ ಗೀಟು) ಮೇಲೇ ಉಳಿ ಇಟ್ಟು ಹೊಡೆಯಬೇಡಿ. ಉಳಿಯ ಬಾಯಿ ಒಂದು ಕಡೆ ಇಳಿಜಾರು, ಹೊಡೆದಾಗ ಅದು ಹಿಂದಕ್ಕೆ ಜಾರಿ ಗೀಟು ದಾಟುತ್ತದೆ. 1 ಮಿ.ಮೀ. ಈಚೆ, ಹೋಗಬೇಕಾದ ಭಾಗದಲ್ಲಿ ಹೊಡೆದು ಮರ ತೆಗೆದು, ಕೊನೆಯ ಒಂದು ತೆಳು ಸಿಪ್ಪೆಗೆ ಮಾತ್ರ ಗೀಟಿನಲ್ಲಿ ಉಳಿ ಇಡಿ. ಅರ್ಧ ಒಂದು ಮೈಯಿಂದ, ಅರ್ಧ ಇನ್ನೊಂದು ಮೈಯಿಂದ. ನಡುವೆ ತುಸು ತಗ್ಗಾದರೆ ಒಳ್ಳೆಯದೇ. ಉಬ್ಬು ಉಳಿದರೆ ಮೂಲೆ ಕೂರುವುದಿಲ್ಲ.

ಕೂರಿಸಿ ನೋಡುವಾಗ ಬಾಲಗಳ ಪಕ್ಕಕ್ಕೆ ಪೆನ್ಸಿಲ್ ಉಜ್ಜಿ, ಹಗುರವಾಗಿ ತಟ್ಟಿ, ತೆಗೆಯಿರಿ. ಪಿನ್ನಿನ ಮೇಲೆ ಎಲ್ಲಿ ಕಪ್ಪು ಹೊಳಪು ಹತ್ತಿದೆಯೋ ಅಲ್ಲಿ ಮಾತ್ರ ಕೆರೆಯಿರಿ. ಪೂರ್ತಿ ಒಳಗೆ ಹೊಡೆದು ತೆಗೆಯುವುದು ಒಂದು ಸಲ ಸಾಕು. ಪದೇ ಪದೇ ಮಾಡಿದರೆ ಬಿಗಿ ಹೋಗುತ್ತದೆ.

ಸಂದು ಬಿದ್ದರೆ ಫೆವಿಕಾಲ್‌ಗೆ ಹೊಟ್ಟು ಕಲಸಿ ತುಂಬುವ ಯೋಚನೆ ಎಲ್ಲರಿಗೂ ಬರುತ್ತದೆ. ಆಚಾರ್ರು ಅದನ್ನು ನೋಡಿ, "ಪಾಲಿಶ್ ಹಾಕಿ ನೋಡಿ ಮೇಷ್ಟ್ರೇ, ಹುಳುಕು ಹಲ್ಲು ಕಾಣ್ತದೆ" ಅಂದರು. ಸರಿಯಾಗೇ ಹೇಳಿದ್ದರು. ಅದೇ ಹಲಗೆಯ ತೆಳು ಸೀಳನ್ನು ಅಂಟು ಹಚ್ಚಿ ತೂರಿಸಿ, ಒಣಗಿದ ಮೇಲೆ ಕತ್ತರಿಸಿದರೆ ಗೊತ್ತೇ ಆಗುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಅಂಥವು ಐದಿವೆ. ಎಲ್ಲಿ ಅಂತ ಹೇಳುವುದಿಲ್ಲ.

ತಳ, ಮುಚ್ಚಳ, ಪಾಲಿಶ್

ತಳದ ಹಲಗೆ ಕೂರಲು ನಾಲ್ಕೂ ಗೋಡೆಯ ಒಳಗೆ ಗಾಡಿ, ಅಂದರೆ ಉದ್ದಕ್ಕೆ ಕೊರೆದ ಸಣ್ಣ ಕಾಲುವೆ, ಬೇಕು. ಅದನ್ನು ಕೆಳಗಿನ ಬಾಲದ ನೇರಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಪಿನ್ ಹಲಗೆಯಲ್ಲಿ ಗಾಡಿಯನ್ನು ಈ ತುದಿಯಿಂದ ಆ ತುದಿಗೆ ಓಡಿಸಬಹುದು, ಬಾಲ ಬಂದು ಮುಚ್ಚುತ್ತದೆ. ಬಾಲದ ಹಲಗೆಯಲ್ಲಿ ಮಾತ್ರ ಬಾಲದ ತುದಿ ಮುಟ್ಟುವ ಮೊದಲೇ ನಿಲ್ಲಿಸಬೇಕು. ಓಡಿಸಿಬಿಟ್ಟರೆ ಹೊರಗೆ ಚೌಕದ ತೂತು ಕಾಣುತ್ತದೆ. ತಳಕ್ಕೆ ಅಂಟು ಹಾಕಬೇಡಿ. ಮಳೆಗಾಲದಲ್ಲಿ ಮನೆ ಬಾಗಿಲು ಬಿಗಿಯಾಗುತ್ತದಲ್ವಾ, ಅದೇ ಕಾರಣ. ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ.

ಅಲಂಕಾರ ಅಂದರೆ ಮುಚ್ಚಳದ ಬೀಟೆ ಪಟ್ಟಿ ಒಂದೇ. ಮೈಸೂರಿನ ಕೆತ್ತಿ ಕೂರಿಸುವ ಕೆಲಸದಲ್ಲಿ ಕಪ್ಪು ಬೀಟೆಯೊಳಗೆ ತಿಳಿ ಬಣ್ಣದ ಮರ ಕೂರಿಸಿ ಆನೆ, ಅರಮನೆ, ಹಳ್ಳಿ ಎಲ್ಲ ತರುತ್ತಾರೆ. ಹಿಂದೆ ದಂತವೂ ಇತ್ತು, ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ನಾನು ಬಣ್ಣ ತಿರುಗಿಸಿದೆ: ಹಳದಿ ಹಲಸಿನೊಳಗೆ ಕಪ್ಪು ಪಟ್ಟಿ. 2 ಮಿ.ಮೀ. ಆಳ ಕೆತ್ತಿ, ಪಟ್ಟಿಯ ಕೆಳ ಅಂಚನ್ನು ಚೂರು ಸವೆಸಿ, ಅಂಟು ಹಾಕಿ ಒತ್ತಿದೆ. ಪಟ್ಟಿ ಮುಚ್ಚಳದ ಎಳೆಯ ದಿಕ್ಕಿಗೇ ಇರಲಿ, ಅಡ್ಡ ಹಾಕಿದರೆ ಮುಂದೆ ಕಿತ್ತು ಬರಬಹುದು. ಸಾಗರ, ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆಯ ಕೆತ್ತನೆ ನೋಡಿದವರು ದಯವಿಟ್ಟು ಇದನ್ನು ನೋಡಿ ನಗಬೇಡಿ.

ಪಾಲಿಶ್‌ಗೆ ಅರಗು. 100 ಮಿ.ಲೀ. ಸ್ಪಿರಿಟ್‌ಗೆ 12 ಗ್ರಾಂ ಅರಗಿನ ಚಕ್ಕೆ, ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಹತ್ತಿಯ ಉಂಡೆಯಿಂದ ತೆಳುವಾಗಿ ಒರೆಸುವುದು. ದಪ್ಪ ಒಂದು ಸಲ ಬೇಡ, ತೆಳು ಆರು ಸಲ. ನಾಲ್ಕನೇ ಸಲ ಒರೆಸುವಾಗ ಸಂಜೆ ಮಳೆ ಬಂತು. ಗಾಳಿಯ ತೇವಕ್ಕೆ ಮುಚ್ಚಳದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮಬ್ಬು ಕಟ್ಟಿತು. ಮರುದಿನದ ಬಿಸಿಲು ಹೊತ್ತಿನಲ್ಲಿ ಬರೀ ಸ್ಪಿರಿಟ್ ಮುಟ್ಟಿಸಿದ ಬಟ್ಟೆಯಿಂದ ಒಂದು ಸಲ ಸವರಿದ ಮೇಲೆ ಹೋಯಿತು.

ಮುಚ್ಚಳ ಪೆಟ್ಟಿಗೆಯ ಒಳಗೆ ಇಳಿದು ಕೂರುವ ಥರದ್ದು. ಮೇ ತಿಂಗಳಲ್ಲಿ ಗಾಳಿಯೂ ನುಸುಳದಷ್ಟು ಸರಿಯಾಗಿ ಕೂರಿಸಿ, ಹೆಂಡತಿಯನ್ನು ಕರೆದು ತೋರಿಸಿ ಬೀಗಿದ್ದೆ. ಜೂನ್ ಎರಡನೇ ವಾರ ಮುಚ್ಚಳ ಬಿಗಿದು ಅವಳ ಕಿವಿಯ ಓಲೆ ಒಳಗೇ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ, ತಟ್ಟಿದರೂ ಬರಲಿಲ್ಲ. ಅಡುಗೆ ಒಲೆಯ ಪಕ್ಕದ ಕಟ್ಟೆಯ ಮೇಲೆ ಎರಡು ದಿನ ಇಟ್ಟ ಮೇಲೆ ಸಡಿಲವಾಯಿತು. ಅಗಲದ ಕಡೆ ಒಂದೂವರೆ ಮಿ.ಮೀ. ಹತ್ತರಿ ಹೊಡೆದಿದ್ದೇನೆ. ಓಲೆ ಸದ್ಯಕ್ಕೆ ಹಳೆಯ ಪ್ಲಾಸ್ಟಿಕ್ ಡಬ್ಬಿಗೇ ವಾಪಸ್ ಹೋಗಿದೆ.